ಟೋಪಿ ಹಾಕಿಸಿಕೊಳ್ಳದವರ ದಂಗೆ

ವೆಲ್ಲೂರು ಅಂದರೆ ನಮ್ಮ ಕಡೆಯವರಿಗೆ ಆಸ್ಪತ್ರೆ. ‘ಅವರನ್ನ ವೆಲ್ಲೂರಿಗೆ ಕರಕೊಂಡು ಹೋಗಿದಾರಂತೆ’ ಎಂದರೆ ಸಾಕು, ಕಾಯಿಲೆ ಸಣ್ಣದಲ್ಲ ಎಂದು ಊರಿಗೆಲ್ಲ ತಿಳಿಯುತ್ತದೆ. ನಾನೂ ಒಮ್ಮೆ ಚಿಕ್ಕಪ್ಪನ ಫೈಲು ಹಿಡಿದುಕೊಂಡು ಹಾಗೆ ಹೋದವನೇ. ರಿಪೋರ್ಟು ಸಂಜೆ ಬನ್ನಿ ಎಂದರು. ಚಿಕ್ಕಪ್ಪ ಲಾಡ್ಜಿನಲ್ಲಿ ಮಲಗಿದರು, ನಾನು ಆಟೊ ಹತ್ತಿ ಕೋಟೆಗೆ ಹೋದೆ. ಸುತ್ತ ನೀರು ತುಂಬಿದ ಕಂದಕ, ಒಳಗೆ ಜಲಕಂಠೇಶ್ವರನ ಗುಡಿ, ಸ್ವಲ್ಪ ದೂರದಲ್ಲಿ ಮಸೀದಿ, ಇನ್ನೊಂದು ಕಡೆ ಚರ್ಚು. ಮರದ ನೆರಳಿನಲ್ಲಿ ಆಸ್ಪತ್ರೆಯ ಚೀಟಿ ಕೈಯಲ್ಲಿಟ್ಟುಕೊಂಡೇ ನಿದ್ದೆ ಹೋದ ನನ್ನಂಥವರು ಏಳೆಂಟು ಜನ.

ವಾಪಸು ಬರುವಾಗ ಆಟೊದವನು ಮಕ್ಕಾನ್ ಸರ್ಕಲ್ಲಿನಲ್ಲಿ ಒಂದು ಕಂಬ ತೋರಿಸಿದ. ಬಸ್ಸುಗಳ ಹೊಗೆ ಕುಡಿದು ನಿಂತ ಕಂಬ. 1806ರಲ್ಲಿ ಇಲ್ಲಿ ದಂಗೆಯೆದ್ದ ಸಿಪಾಯಿಗಳ ಸ್ಮಾರಕ. ಪ್ರತಿ ಜುಲೈ 10ಕ್ಕೆ ಅಧಿಕಾರಿಗಳು ಬಂದು ಹಾರ ಹಾಕಿ ಹೋಗುತ್ತಾರೆ. ‘ಇದೇ ಫಸ್ಟು ಸಾರ್. 1857 ಎಲ್ಲಾ ಆಮೇಲೆ’ ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು, ಜಗಳಕ್ಕೂ ಸಿದ್ಧ ಅನ್ನುವ ಧಾಟಿಯೂ ಇತ್ತು. ನಾನು ಜಗಳಕ್ಕೆ ಹೋಗಲಿಲ್ಲ. ಮೀಟರಿನ ವಿಚಾರದಲ್ಲಿ ಹೇಗೂ ಆಮೇಲೆ ಒಂದು ಆಗುವುದಿತ್ತು.

ಈ ‘ಫಸ್ಟು’ ಎಂಬ ಹುಚ್ಚಿನ ಬಗ್ಗೆಯೇ ನನ್ನ ತಕರಾರು.

ಒಡಿಶಾದವರಿಗೆ 1817ರ ಪಾಯಿಕರ ದಂಗೆ ಮೊದಲನೆಯದು. ಅದಕ್ಕೆ ‘ಮೊದಲ ಸ್ವಾತಂತ್ರ್ಯ ಸಂಗ್ರಾಮ’ ಎಂಬ ಬಿರುದು ಕೊಡಿ ಎಂದು ಪಟ್ಟು ಹಿಡಿದರು; 2021ರಲ್ಲಿ ಕೇಂದ್ರ ಸಂಸ್ಕೃತಿ ಸಚಿವರು ರಾಜ್ಯಸಭೆಯಲ್ಲಿ ಹಾಗೆ ಕರೆಯಲು ಆಗುವುದಿಲ್ಲ ಎಂದರು. ತಮಿಳುನಾಡಿಗೆ ವೆಲ್ಲೂರೇ ಮೊದಲು, ಇನ್ನೂ ಜಗ್ಗಿದರೆ ಕಟ್ಟಬೊಮ್ಮನ್. ನಮಗೆ 1824ರ ಕಿತ್ತೂರು ಇದೆ. ಕರಾವಳಿಗೆ ಹೋದರೆ 1837ರ ಅಮರ ಸುಳ್ಯ. ಸುಳ್ಯದ ರೈತರು ಮಂಗಳೂರಿನವರೆಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ಹದಿಮೂರು ದಿನ ಆಳಿದರು ಎನ್ನುತ್ತಾರೆ. ಅವರ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಬಾವುಟಗುಡ್ಡೆಯಲ್ಲಿ ಎದ್ದಿತು, ‘ಇದು 1857ಕ್ಕಿಂತ ಇಪ್ಪತ್ತು ವರ್ಷ ಹಿಂದಿನದು’ ಎಂಬ ಮಾತಿನ ಜೊತೆಗೇ. 1857ಕ್ಕೆ ಆ ಬಿರುದು ಅಂಟಿಸಿದ್ದು ಸಾವರ್ಕರರ 1909ರ ಪುಸ್ತಕ. ಶತಮಾನೋತ್ಸವದ ಹೊತ್ತಿಗೆ, 1957ರಲ್ಲಿ, ಆರ್.ಸಿ. ಮಜುಂದಾರ್ ಅದು ಮೊದಲನೆಯದೂ ಅಲ್ಲ, ರಾಷ್ಟ್ರೀಯವೂ ಅಲ್ಲ, ಸ್ವಾತಂತ್ರ್ಯ ಯುದ್ಧವೂ ಅಲ್ಲ ಎಂದು ವಾದಿಸಿ ಬೈಸಿಕೊಂಡರು. ಅಲ್ಲಿಂದ ಇಲ್ಲಿಯವರೆಗೆ ಪಂದ್ಯ ನಿಂತಿಲ್ಲ. ಪ್ರತಿ ರಾಜ್ಯ, ಪ್ರತಿ ಜಿಲ್ಲೆ, ಪ್ರತಿ ಸಮುದಾಯ ಒಂದು ಇಸವಿ ಹಿಡಿದುಕೊಂಡು ದಿಲ್ಲಿಯ ಕಿಟಕಿಯ ಮುಂದೆ ಕ್ಯೂ ನಿಂತಿದೆ, ರೇಷನ್ ಕಾರ್ಡಿಗೆ ನಿಂತ ಹಾಗೆ.

ಕ್ಯೂನಲ್ಲಿ ನಿಂತವರ ಹೆಮ್ಮೆಯನ್ನು ನಾನು ಹಂಗಿಸುತ್ತಿಲ್ಲ. ತಮ್ಮ ಊರಿನವರು ಸತ್ತಿದ್ದು ಲೆಕ್ಕಕ್ಕೆ ಬರಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಆದರೆ ಆ ಸರ್ಟಿಫಿಕೇಟು ಸಿಗಬೇಕಾದರೆ ಸತ್ತವರನ್ನು ಮೊದಲು ತೊಳೆದು, ಇಸ್ತ್ರಿ ಮಾಡಿ, ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿ ಕಿಟಕಿಯ ಮುಂದೆ ನಿಲ್ಲಿಸಬೇಕು. ವೆಲ್ಲೂರಿನ ಸಿಪಾಯಿಗಳಿಗೆ ಆಗಿದ್ದು ಇದೇ. ಕಂಪನಿ ಅವರಿಗೆ ಒಂದು ಟೋಪಿ ಹಾಕಲು ನೋಡಿತು. ಅವರು ಹಾಕಿಸಿಕೊಳ್ಳದೆ ಸತ್ತರು. ಇನ್ನೂರು ವರ್ಷದ ಮೇಲೆ ನಾವು ಇನ್ನೊಂದು ಟೋಪಿ ಹೊಲಿಸಿಕೊಂಡು ಬಂದಿದ್ದೇವೆ.

ಕಂಪನಿಯ ಟೋಪಿಯ ಕಥೆ ಕೇಳಿ. ಆಗ ಮದ್ರಾಸ್ ಸೈನ್ಯದ ಮಹಾದಂಡನಾಯಕ ಸರ್ ಜಾನ್ ಕ್ರಾಡಕ್, ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್. ಸಿಪಾಯಿಗಳ ಮುಂಡಾಸು ಅಂದಗೇಡಿ, ಒಬ್ಬೊಬ್ಬನದು ಒಂದೊಂದು ಥರ ಎಂದು ಕ್ರಾಡಕ್‌ನ ಕಚೇರಿಯವರಿಗೆ ಅನ್ನಿಸಿತು. ಹೊಸ ಮಾದರಿಯ ಪೇಟ ತಯಾರಾಯಿತು. ನೋಡಿದರೆ ಪರಂಗಿಯವರ ಹ್ಯಾಟಿನ ಹಾಗೆ. ಮುಂದೆ ಚರ್ಮದ ಒಂದು ಬಿಲ್ಲೆ. ಆ ಚರ್ಮ ಹಸುವಿನದೋ ಹಂದಿಯದೋ ಎಂದು ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಎದೆಯ ಮೇಲೆ ಬಂದೂಕಿನ ತಿರುಪು ಬಿಚ್ಚುವ ಸಾಧನವೊಂದನ್ನು ತೂಗುಹಾಕಬೇಕಿತ್ತು. ಅದು ನೋಡಲು ಶಿಲುಬೆಯ ಹಾಗಿತ್ತು. ಇದಕ್ಕೆ ಸೇರಿಸಿ ಕವಾಯತು ನಿಯಮದಲ್ಲಿ ಇನ್ನೊಂದು ಕಲಂ: ಸಮವಸ್ತ್ರದಲ್ಲಿರುವಾಗ ಹಣೆಗೆ ನಾಮ, ವಿಭೂತಿ ಯಾವುದೂ ಕೂಡದು, ಕಿವಿಯ ಒಂಟಿ ಕೂಡದು, ಗಡ್ಡ ಬೋಳಿಸಿರಬೇಕು, ಎಲ್ಲರ ಮೀಸೆಯೂ ಒಂದೇ ಅಳತೆಯಲ್ಲಿರಬೇಕು.

ಮೀಸೆಯ ಅಳತೆಯನ್ನು ಸರ್ಕಾರ ಗೊತ್ತುಮಾಡುವುದು ಎಂದರೇನು ಎಂದು ನಮ್ಮ ಭಾಷೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೀಸೆ ಮಣ್ಣಾಗುವುದು, ಮೀಸೆ ತಿರುವುವುದು, ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಪಣ ಕಟ್ಟುವುದು ಎಲ್ಲ ಇನ್ನೂ ಮಾತಿನಲ್ಲಿವೆ. ಒಂಟಿಯ ಮಾತೂ ಅಷ್ಟೇ. ಹರಕೆ ಹೊತ್ತು ಮಗನಿಗೆ ಕಿವಿ ಚುಚ್ಚಿಸಿದ ತಾಯಿಗೆ, ಅದು ತೆಗೆದರೆ ಏನಾದೀತೋ ಎಂದು ಹೆದರುವ ಮಗನಿಗೆ, ಕವಾಯತು ಮೈದಾನದ ಅಂದದ ವಿಚಾರ ಹೇಳಿ ಏನು ಪ್ರಯೋಜನ? ‘ಟೋಪಿವಾಲಾ’ ಎಂದರೆ ಆಗಿನ ಜನರ ಬಾಯಲ್ಲಿ ಪರಂಗಿ. ಟೋಪಿ ಹಾಕಿಕೊಂಡ ಸಿಪಾಯಿ ಊರಿಗೆ ಹೋದರೆ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆಯೇ, ಹೆಣ್ಣು ಕೊಡುತ್ತಾರೆಯೇ ಎಂಬ ಭಯ ಮದ್ರಾಸಿನ ಕಚೇರಿಗೆ ತಿಳಿಯುವುದಲ್ಲ. ‘ಟೋಪಿ ಹಾಕು’ ಎಂಬ ಮಾತಿಗೆ ಕನ್ನಡದಲ್ಲಿ ಮೋಸ ಎಂಬ ಅರ್ಥ ಎಲ್ಲಿಂದ ಬಂತೋ. ವೆಲ್ಲೂರಿನ ಕಥೆ ಓದಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

1806ರ ಮೇ ತಿಂಗಳಲ್ಲಿ ವೆಲ್ಲೂರಿನಲ್ಲಿದ್ದ 4ನೇ ರೆಜಿಮೆಂಟಿನ ಸಿಪಾಯಿಗಳು ಪೇಟ ಬೇಡ ಎಂದರು. ಕೋವಿ ಎತ್ತಲಿಲ್ಲ, ಬೇಡ ಎಂದರು, ಅಷ್ಟೇ. ಇಪ್ಪತ್ತೊಂದು ಜನರ ಮೇಲೆ ವಿಚಾರಣೆ ನಡೆಯಿತು. ಒಬ್ಬ ಹಿಂದೂ, ಒಬ್ಬ ಮುಸಲ್ಮಾನ, ಇಬ್ಬರಿಗೆ ತಲಾ 900 ಛಡಿ ಏಟು. ಶಿಕ್ಷೆಯಲ್ಲಿ ಮಾತ್ರ ಕಂಪನಿ ಬಹಳ ಸಮತೋಲ ಕಾಯ್ದುಕೊಂಡಿತು. ಉಳಿದವರು ತಪ್ಪೊಪ್ಪಿಕೊಂಡು ಬಚಾವಾದರು. ಆ ದಳವನ್ನು ಎತ್ತಂಗಡಿ ಮಾಡಿ ಅದರ ಜಾಗಕ್ಕೆ 23ನೇ ರೆಜಿಮೆಂಟಿನ ದಳವನ್ನು ತಂದರು. ಜೂನ್‌ನಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ ಒಳಗೊಳಗೇ ಸಂಚು ನಡೆದಿದೆ ಎಂದು ಮೇಲಿನವರಿಗೆ ಹೇಳಿದ. ಅವರು ಅವನ ಮಾತನ್ನು ವಿಚಾರಿಸಲು ದೇಶೀ ಅಧಿಕಾರಿಗಳಿಗೇ ಒಪ್ಪಿಸಿದರು. ಕಳ್ಳನ ಕೈಗೆ ಬೀಗದ ಕೈ. ‘ಇವನಿಗೆ ತಲೆ ಕೆಟ್ಟಿದೆ’ ಎಂಬ ವರದಿ ಬಂತು, ಮುಸ್ತಫಾ ಬೇಗ್‌ನನ್ನು ಕೂಡಿಹಾಕಿದರು. ದಂಗೆ ಮುಗಿದ ಮೇಲೆ ಅವನಿಗೆ ಬಹುಮಾನವೂ ಪಿಂಚಣಿಯೂ ಸಿಕ್ಕಿತು.

ಈಗ ನಮ್ಮ ನಾಡಿಗೆ ಸಂಬಂಧಿಸಿದ ಭಾಗ. ವೆಲ್ಲೂರಿನ ಅದೇ ಕೋಟೆಯ ಅರಮನೆಗಳಲ್ಲಿ ಟಿಪ್ಪುವಿನ ಗಂಡುಮಕ್ಕಳು, ಹೆಣ್ಣುಮಕ್ಕಳು, ರಾಣಿವಾಸದವರು ಪಿಂಚಣಿ ತಿನ್ನುತ್ತ ಸೆರೆಯಲ್ಲಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ಅಲ್ಲಿಗೆ ಸಾಗಿಸಿದ್ದರು. ಅವರ ಹಿಂದೆ ಮೈಸೂರು ಸೀಮೆಯ ಸಾವಿರಾರು ಜನ ಬಂದು ಕೋಟೆಯ ಸುತ್ತ ನೆಲೆಸಿದ್ದರು. ಜುಲೈ 9ರಂದು ಅರಮನೆಯಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆ. ಮದುವೆಮನೆ ಎಂದರೆ ಹೋಗುವವರು ಬರುವವರು ಯಾರು ಎಂದು ಯಾರು ಕೇಳುತ್ತಾರೆ? ಆ ರಾತ್ರಿ ಕಳೆದು ಮುಂಜಾವದ ಕತ್ತಲಲ್ಲಿ ಗುಂಡು ಹಾರಿತು. 69ನೇ ರೆಜಿಮೆಂಟಿನ ಬಿಳಿ ಸೈನಿಕರು ಬ್ಯಾರಕ್ಕಿನಲ್ಲಿ ಮಲಗಿದ್ದಲ್ಲೇ ಸತ್ತರು. ಕೋಟೆಯ ಮುಖ್ಯಸ್ಥ ಕರ್ನಲ್ ಫ್ಯಾನ್‌ಕೋರ್ಟ್ ಹೊರಗೆ ಬಂದು ಗುಂಡು ತಿಂದ. ಅವನ ಹೆಂಡತಿ ಇಬ್ಬರು ಸಣ್ಣ ಮಕ್ಕಳನ್ನು ತಬ್ಬಿಕೊಂಡು ಕೋಳಿಗೂಡಿನಲ್ಲಿ ಅಡಗಿ ಬದುಕಿದಳು. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ರೋಗಿಗಳನ್ನೂ ಸಿಪಾಯಿಗಳು ಬಿಡಲಿಲ್ಲ. ಇದನ್ನು ಸ್ಮಾರಕದ ಕಂಬ ಹೇಳುವುದಿಲ್ಲ. ಹೇಳಬೇಕು. ವೆಲ್ಲೂರಿನಲ್ಲಿ ಚಿಕ್ಕಪ್ಪನ ಹಾಸಿಗೆಯ ಪಕ್ಕ ಕೂತು ಬಂದವನು ನಾನು. ಆ ಸಾಲನ್ನು ಹಾರಿಸಿ ಓದಲು ನನ್ನಿಂದ ಆಗಲಿಲ್ಲ. ಅಧಿಕಾರಿಗಳೂ ಸೇರಿ ಬ್ರಿಟಿಷರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ಆಮೇಲೆ ಧ್ವಜಸ್ತಂಭಕ್ಕೆ ಟಿಪ್ಪುವಿನ ಬಾವುಟ ಏರಿತು.

ಏರಿಸಿದವರು ಯಾರು? ಮದ್ರಾಸ್ ಸೈನ್ಯದ ಸಿಪಾಯಿಗಳು. ಏಳು ವರ್ಷದ ಹಿಂದೆ ಶ್ರೀರಂಗಪಟ್ಟಣದ ಗೋಡೆ ಒಡೆದು ನುಗ್ಗಿ, ಟಿಪ್ಪು ಸತ್ತ ಆ ಮಧ್ಯಾಹ್ನ ಊರು ಲೂಟಿಯಾಗುವಾಗ ನಿಂತಿದ್ದ ಸೈನ್ಯ ಅದೇ. ವೆಲ್ಲೂರಿನ ಹಿರಿಯ ಸುಬೇದಾರರಲ್ಲಿ ಕೆಲವರಿಗಾದರೂ ಆ ದಿನ ಕಣ್ಣಿಗೆ ಕಟ್ಟಿದಂತೆ ಇದ್ದಿರಲೇಬೇಕು. ಕಂಪನಿಯ ಉಪ್ಪು ತಿಂದು ಸುಲ್ತಾನನ ಕೋಟೆ ಒಡೆದ ಸೈನ್ಯ, ಕಂಪನಿಯ ಟೋಪಿ ಬೇಡವಾದಾಗ ಸುಲ್ತಾನನ ಬಾವುಟ ಹುಡುಕಿ ತಂದು ಏರಿಸಿತು.

ನಮ್ಮ ರಾಜ್ಯದ ಟಿಪ್ಪು ಜಗಳದ ಎರಡೂ ಕಡೆಯವರಿಗೆ ಈ ದೃಶ್ಯ ಗಂಟಲಲ್ಲಿ ಇಳಿಯುವುದಿಲ್ಲ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ನಡುವೆ ಮಡಿಕೇರಿಯಲ್ಲಿ ಜೀವ ಹೋಯಿತು, ಟಿವಿಗಳಲ್ಲಿ ಗಂಟಲು ಹರಿಯಿತು. ಟಿಪ್ಪುವನ್ನು ಸ್ವಾತಂತ್ರ್ಯ ವೀರ ಎನ್ನುವವರಿಗೆ ವೆಲ್ಲೂರಿನ ಬಾವುಟ ಇಷ್ಟ. ಆದರೆ ಆ ಬಾವುಟ ಏರಿದ್ದು ನಾಮ, ವಿಭೂತಿ, ಜಾತಿಯ ಗುರುತು ಉಳಿಸಿಕೊಳ್ಳುವ ಹಟದಿಂದ ಎಂಬುದನ್ನು ಅವರು ಅಷ್ಟು ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಟಿಪ್ಪು ಮತಾಂಧ, ಅವನ ಹೆಸರೇ ಬೇಡ ಎನ್ನುವವರಿಗೆ ಧರ್ಮದ ಗುರುತಿಗಾಗಿ ಪ್ರಾಣ ಕೊಟ್ಟ ಹಿಂದೂ ಸಿಪಾಯಿ ಇಷ್ಟ. ಆದರೆ ಆ ಸಿಪಾಯಿ ತನ್ನ ನಾಮ ಉಳಿಸಿಕೊಳ್ಳಲು ಕೈಹಾಕಿದ್ದು ಟಿಪ್ಪುವಿನ ಬಾವುಟಕ್ಕೆ ಎಂಬಲ್ಲಿಗೆ ಬಂದಾಗ ಅವರು ಪುಟ ಮಗುಚುತ್ತಾರೆ. ಅರ್ಧರ್ಧ ಹಂಚಿಕೊಂಡು ಇಬ್ಬರೂ ಸುಖವಾಗಿದ್ದಾರೆ. ಇಡೀ ಸಿಪಾಯಿ ಯಾರಿಗೂ ಬೇಡ.

ಇಡೀ ಸಿಪಾಯಿ ಎಂದರೆ ತಿಂಗಳ ಸಂಬಳಕ್ಕೆ ದುಡಿಯುವ ಮನುಷ್ಯ. ಮೂವತ್ತು ವರ್ಷ ದುಡಿದು ಸುಬೇದಾರನಾದರೂ, ನಿನ್ನೆ ಹಡಗಿನಿಂದ ಇಳಿದ, ಮೀಸೆ ಮೂಡದ ಬಿಳಿ ಹುಡುಗನಿಗೆ ಸಲಾಂ ಹೊಡೆಯಬೇಕಾದವನು. ದಂಗೆಯ ದಿನ ಅವನು ಮಾಡಿದ್ದು ಎಲ್ಲವೂ ವೀರಗಾಥೆಗೆ ಒಗ್ಗುವಂಥದ್ದಲ್ಲ. ಖಜಾನೆ ಸಿಕ್ಕಿತು, ಕೋವಿ ಇಟ್ಟು ಚೀಲ ಹಿಡಿದ. ಸಿಕ್ಕಿದ್ದನ್ನು ಕಟ್ಟಿಕೊಂಡು ಎಷ್ಟೋ ಜನ ಊರಿನ ದಾರಿ ಹಿಡಿದರು. ಹೊರಬಾಗಿಲು ಹಾಕುವ ಯೋಚನೆಯೇ ಯಾರಿಗೂ ಬರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ವೆಲ್ಲೂರಿನವರು ಸೂರೆ ಮಾಡುವ ಭರದಲ್ಲಿ ಅದನ್ನೂ ಮಾಡಲಿಲ್ಲ. ಹದಿನಾರು ಮೈಲಿ ದೂರದ ಆರ್ಕಾಟಿನಿಂದ ಕರ್ನಲ್ ಗಿಲೆಸ್ಪಿ ಕುದುರೆ ಸವಾರರನ್ನು ಕರೆದುಕೊಂಡು ಬೆಳಗಿನ ಹೊತ್ತಿಗೇ ಬಂದುಬಿಟ್ಟ. ಬಾಗಿಲ ಮೇಲಿನ ಗೋಡೆಯಲ್ಲಿ ಮದ್ದು ಮುಗಿದು ಕೂತಿದ್ದ ಬಿಳಿ ಸೈನಿಕರ ಬಳಿಗೆ ತಾನೇ ಹಗ್ಗ ಹಿಡಿದು ಹತ್ತಿದ. ಹಿಂದಿನಿಂದ ಬಂದ ಸಣ್ಣ ತೋಪುಗಳು ಒಳಬಾಗಿಲನ್ನು ಒಡೆದವು. ಕುದುರೆಗಳು ಒಳಗೆ ನುಗ್ಗಿದವು.

ಮುಂದಿನದನ್ನು ಬಾಗಿಲು ಒಡೆದ ಎಂಜಿನಿಯರ್ ಅಧಿಕಾರಿ ಬ್ಲಾಕಿಸ್ಟನ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಅರಮನೆಯಲ್ಲಿ ಅಡಗಿದ್ದ ನೂರರಷ್ಟು ಸಿಪಾಯಿಗಳನ್ನು ಹೊರಗೆಳೆದು ಗೋಡೆಗೆ ನಿಲ್ಲಿಸಿ ಗುಂಡಿನ ಮಳೆ ಸುರಿಸಿದರು. ಆ ದಿನ ಅದು ಸರಿಯೇ ಅನ್ನಿಸಿತ್ತು, ವರ್ಷಗಳಾದ ಮೇಲೆ ಒಪ್ಪಿಕೊಳ್ಳುವುದು ಕಷ್ಟವಾಗಿದೆ ಎಂಬ ಅರ್ಥದ ಮಾತನ್ನೂ ಅವನು ಸೇರಿಸಿದ್ದಾನೆ. ಅಷ್ಟಾದರೂ ಬರೆದನಲ್ಲ ಎಂದುಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ಕೋಟೆಯಲ್ಲಿ ಸತ್ತ ಸಿಪಾಯಿಗಳ ಸಂಖ್ಯೆ ನೂರುಗಳಲ್ಲಿ ಇತ್ತು. ವಿಚಾರಣೆಯ ನಂತರ ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದರು, ಕೆಲವರಿಗೆ ಗುಂಡು, ಕೆಲವರಿಗೆ ನೇಣು, ಕೆಲವರಿಗೆ ಕರಿನೀರು. ದಂಗೆಯೆದ್ದ ಮೂರು ದಳಗಳ ಅಂಕಿಯನ್ನೇ ಸೈನ್ಯದ ಪಟ್ಟಿಯಿಂದ ಒರೆಸಿ ಹಾಕಿದರು.

ಇನ್ನು ‘ಪರಿಣಾಮ’ ಎಂದು ಪಠ್ಯಪುಸ್ತಕಗಳು ನಾಲ್ಕು ಸಾಲಿನಲ್ಲಿ ಮುಗಿಸುವ ವಿಚಾರ. ನನ್ನ ಪ್ರಕಾರ ವೆಲ್ಲೂರನ್ನು ಓದಬೇಕಾದ್ದು ಅಲ್ಲಿಂದಲೇ.

ಟೋಪಿಯ ಆಜ್ಞೆ ಹೊರಡಿಸಿದವರೇ ಅದನ್ನು ವಾಪಸು ಪಡೆದರು. ಬೆಂಟಿಂಕ್, ಕ್ರಾಡಕ್ ಇಬ್ಬರನ್ನೂ 1807ರಲ್ಲಿ ಲಂಡನ್ನಿಗೆ ವಾಪಸು ಕರೆಸಿಕೊಂಡರು. ಅಂದರೆ ನಾಮ ಹಚ್ಚಿಕೊಂಡ, ಓದು ಬರಹ ಗೊತ್ತಿಲ್ಲದ ಸಿಪಾಯಿಗಳು ಒಂದು ಬೆಳಗಿನ ಜಾವದಲ್ಲಿ ಒಬ್ಬ ಗವರ್ನರನ ಖುರ್ಚಿ ತೆಗೆಸಿದರು. ಇದನ್ನು ಯಾಕೆ ಹೆಮ್ಮೆಯಿಂದ ಹೇಳುವುದಿಲ್ಲವೋ ನನಗೆ ಅರ್ಥವಾಗದು. ಸಣ್ಣದಾಗಿ ಕಾಣುತ್ತದೆ, ಅದಕ್ಕೇ ಇರಬೇಕು. ದೇಶಕ್ಕಾಗಿ ಸತ್ತರು ಎಂದರೆ ಭಾಷಣಕ್ಕೆ ಬರುತ್ತದೆ; ಮೀಸೆಗಾಗಿ ಸತ್ತರು ಎಂದರೆ ಬರುವುದಿಲ್ಲ.

ಆದರೆ ಬೆಂಟಿಂಕ್ ಕಥೆ ಅಲ್ಲಿಗೆ ಮುಗಿಯಲಿಲ್ಲ. 1828ರಲ್ಲಿ ಅವನು ಗವರ್ನರ್ ಜನರಲ್ ಆಗಿ ಮರಳಿ ಬಂದ. ಸತಿ ಪದ್ಧತಿ ನಿಷೇಧಿಸಿದವನು ಎಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವುದು ಇವನ ಹೆಸರನ್ನೇ. 1835ರಲ್ಲಿ ಅವನು ದೇಶೀ ಸಿಪಾಯಿಗಳಿಗೆ ಛಡಿ ಏಟಿನ ಶಿಕ್ಷೆ ರದ್ದು ಮಾಡಿದ. ಬಿಳಿ ಸೈನಿಕರಿಗೆ ಆ ಏಟು ಹಾಗೇ ಉಳಿಯಿತು! ವೆಲ್ಲೂರಿನ 900 ಏಟಿನ ಲೆಕ್ಕ ಅವನ ತಲೆಯಲ್ಲಿ ಇತ್ತೋ ಇಲ್ಲವೋ, ತನ್ನ ಕೆಲಸ ತೆಗೆಸಿದ ಬೆನ್ನುಗಳನ್ನು ಅವನು ಮರೆತಿರಲಾರ ಎಂದು ನಂಬಲು ನನಗೆ ಇಷ್ಟ.

ತಪ್ಪನ್ನು ಯಾರ ಮೇಲೆ ಹೊರಿಸುವುದು ಎಂಬುದರಲ್ಲಿ ಕಂಪನಿ ಇನ್ನೂ ಚುರುಕು. ಸೈನ್ಯದವರು ಎಂದರು: ಟಿಪ್ಪುವಿನ ಮಕ್ಕಳ ಪಿತೂರಿ. ಗವರ್ನರ್ ಕಡೆಯವರು ಎಂದರು: ಸೈನ್ಯದವರ ಟೋಪಿ. ಲಂಡನ್ನಿನಲ್ಲಿ ಇನ್ನೊಂದು ಗುಂಪು ಎಂದಿತು: ಪಾದ್ರಿಗಳ ಹಾವಳಿ, ಮಿಷನರಿಗಳನ್ನು ಹಿಂದೂಸ್ತಾನಕ್ಕೆ ಬಿಡಬೇಡಿ. ಪಾದ್ರಿಗಳ ಪರ-ವಿರೋಧ ಕರಪತ್ರಗಳ ಕೆಸರೆರಚಾಟ ವರ್ಷಗಟ್ಟಲೆ ನಡೆಯಿತು. 1813ರ ಸನ್ನದಿನಲ್ಲಿ ಮಿಷನರಿಗಳಿಗೆ ದಾರಿ ತೆರೆದ ಮೇಲೆಯೇ ಅದು ತಣ್ಣಗಾದದ್ದು. ಈ ಇಡೀ ಗದ್ದಲದಲ್ಲಿ ಸಂಬಳ, ಬಡ್ತಿ, ಬೈಗುಳ, ಏಟು ಇವುಗಳ ಮಾತು ತಳಕ್ಕೆ ಹೋಯಿತು. ಟಿಪ್ಪುವಿನ ಮಕ್ಕಳ ಮೇಲೆ ವಿಚಾರಣೆಯೇನೂ ನಡೆಯಲಿಲ್ಲ, ಆದರೆ ಕುಟುಂಬವನ್ನು ಹಡಗಿಗೆ ಹತ್ತಿಸಿ ಕಲ್ಕತ್ತೆಗೆ ಸಾಗಹಾಕಿದರು. ಮೈಸೂರು ಸೀಮೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಇವತ್ತಿಗೂ ಕೋಲ್ಕತಾದ ಟಾಲಿಗಂಜ್ ಕಡೆ ಆ ವಂಶದ ಅನ್ವರ್ ಶಾ ಹೆಸರಿನ ರಸ್ತೆ ಇದೆ. ಧರ್ಮತಲಾದಲ್ಲಿ ಟಿಪ್ಪುವಿನ ಕಿರಿಯ ಮಗ ಗುಲಾಂ ಮೊಹಮ್ಮದ್ ಕಟ್ಟಿಸಿದ ಮಸೀದಿ ಇದೆ. ಶ್ರೀರಂಗಪಟ್ಟಣದ ವಂಶವೊಂದು ಬಂಗಾಳಿಯಾಗಿ ಕರಗಿಹೋಗಿದ್ದರ ಹಿಂದೆ ಈ ಟೋಪಿಯ ನೆರಳಿದೆ. 1806ರ ಅಕ್ಟೋಬರಿನಲ್ಲಿ ನಮ್ಮ ನಂದಿದುರ್ಗದಲ್ಲೂ ಸಿಪಾಯಿಗಳು ಏಳುತ್ತಾರೆ ಎಂಬ ಗುಮಾನಿ ಹುಟ್ಟಿ ಬೆಂಗಳೂರಿನಿಂದ ಕುದುರೆ ಪಡೆ ಓಡಿಹೋಗಿತ್ತು. ವಾರಾಂತ್ಯಕ್ಕೆ ಬೈಕು ಹತ್ತಿ ಸೂರ್ಯೋದಯ ನೋಡಲು ಹೋಗುವ ಹುಡುಗರಿಗೆ ಅಲ್ಲಿ ಒಂದು ಫಲಕವಾದರೂ ಇದ್ದರೆ ಚೆನ್ನ.

ಈಗ 1809ಕ್ಕೆ ಬನ್ನಿ. ‘ಮೊದಲ ಸಂಗ್ರಾಮ’ದ ಪಂದ್ಯದಲ್ಲಿ ಯಾರೂ ಈ ಇಸವಿಯನ್ನು ಹಿಡಿದು ನಿಂತಿಲ್ಲ. ಕಾರಣ ಇದೆ: ಆ ವರ್ಷ ದಂಗೆ ಎದ್ದವರು ಬಿಳಿಯರು.

ಮದ್ರಾಸ್ ಸೈನ್ಯದ ಬಿಳಿ ಅಧಿಕಾರಿಗಳಿಗೆ ಸಿಪಾಯಿಗಳ ಡೇರೆ ನೋಡಿಕೊಳ್ಳಲು ತಿಂಗಳಿಗೆ ಇಂತಿಷ್ಟು ಎಂದು ಗುತ್ತಿಗೆ ಹಣ ಬರುತ್ತಿತ್ತು. ಡೇರೆ ಕಡಿಮೆ ಇಟ್ಟಷ್ಟೂ ಜೇಬಿಗೆ ಉಳಿತಾಯ. ಸರ್ಕಾರ ಆ ಗುತ್ತಿಗೆ ನಿಲ್ಲಿಸಿತು. ಜೊತೆಗೆ ಅದನ್ನು ಶಿಫಾರಸು ಮಾಡಿದ ವರದಿಯಲ್ಲಿ ಇದು ಅಧಿಕಾರಿಗಳನ್ನು ಹಾಳುಮಾಡುತ್ತದೆ ಎಂಬ ಅರ್ಥದ ಮಾತು ಬಂದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಗವರ್ನರ್ ಸರ್ ಜಾರ್ಜ್ ಬಾರ್ಲೋ ವಿರುದ್ಧ ಮಚಲೀಪಟ್ಟಣ, ಹೈದರಾಬಾದು, ಜಾಲ್ನಾ, ಶ್ರೀರಂಗಪಟ್ಟಣಗಳಲ್ಲಿ ಬಿಳಿ ಅಧಿಕಾರಿಗಳು ಬಹಿರಂಗವಾಗಿ ತಿರುಗಿ ನಿಂತರು. ಶ್ರೀರಂಗಪಟ್ಟಣದ ಕೋಟೆಯನ್ನು ಲೆಫ್ಟಿನೆಂಟ್ ಕರ್ನಲ್ ಬೆಲ್ ಕೈವಶ ಮಾಡಿಕೊಂಡು ಸರ್ಕಾರಕ್ಕೆ ಬಾಗಿಲು ಹಾಕಿದ. ಅವನ ಸಹಾಯಕ್ಕೆ ಎಂದು ಚಿತ್ರದುರ್ಗದಿಂದ ಎರಡು ಸಿಪಾಯಿ ದಳಗಳು ಹೊರಟವು, ತಮ್ಮ ಬಿಳಿ ಅಧಿಕಾರಿಗಳು ನಡೆಯಿರಿ ಎಂದರೆಂದು. ಮೂರು ವರ್ಷದ ಹಿಂದೆ ಆಜ್ಞೆ ಮೀರಿದ್ದಕ್ಕೆ ತೋಪಿನ ಬಾಯಿಗೆ ಕಟ್ಟಿದ್ದನ್ನು ಕಂಡ ಸೈನ್ಯ. ಈ ಸಲ ಆಜ್ಞೆ ಪಾಲಿಸಿದರು.

1809ರ ಆಗಸ್ಟ್ 11ರಂದು ಶ್ರೀರಂಗಪಟ್ಟಣದ ಹತ್ತಿರ ಬರುವ ಹೊತ್ತಿಗೆ ಅವರ ಮೇಲೆ ಎರಗಿದ್ದು ದಿವಾನ್ ಪೂರ್ಣಯ್ಯನವರ ಮೈಸೂರು ಸಿಲ್ಲೇದಾರ ಕುದುರೆ ಸವಾರರು ಮತ್ತು ಕಂಪನಿ ಸರ್ಕಾರದ ಪರ ನಿಂತ ಡ್ರಗೂನ್ ಸವಾರರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ನೂರಾರು ಸಿಪಾಯಿಗಳು. ಅವರನ್ನು ಕರೆತಂದ ಬಿಳಿ ಅಧಿಕಾರಿಗಳಲ್ಲಿ ಹೆಚ್ಚಿನವರು ಬದುಕುಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಪಕ್ಕಾ ಉದಾಹರಣೆ ನನಗೆ ಗೊತ್ತಿಲ್ಲ.

ಶಿಕ್ಷೆ? ಬೆಲ್ ನೌಕರಿ ಕಳೆದುಕೊಂಡ. ಗವರ್ನರ್ ಜನರಲ್ ಮಿಂಟೊ ತಾನೇ ಮದ್ರಾಸಿಗೆ ಬಂದು, ಇಪ್ಪತ್ತರ ಆಸುಪಾಸಿನ ಅಧಿಕಾರಿಗಳನ್ನು ಬಿಟ್ಟು ಉಳಿದವರಿಗೆಲ್ಲ ಕ್ಷಮಾದಾನ ಸಾರಿದ. ಕೆಲಸ ಕಳೆದುಕೊಂಡವರಲ್ಲೂ ಬಹಳ ಜನರಿಗೆ ಆಮೇಲೆ ಕೆಲಸ ವಾಪಸು ಸಿಕ್ಕಿತು. ಒಬ್ಬನನ್ನೂ ತೋಪಿನ ಬಾಯಿಗೆ ಕಟ್ಟಲಿಲ್ಲ. ಟೋಪಿ ಬೇಡ ಎಂದವನಿಗೆ 900 ಏಟು, ಡೇರೆಯ ಕಮಿಷನ್ ಬೇಕು ಎಂದು ಕೋಟೆ ಹಿಡಿದವನಿಗೆ ವಜಾ ಪತ್ರ. ಬಾರ್ಲೋ ಈ ಗಲಾಟೆಯಲ್ಲಿ ಗೆದ್ದಿದ್ದು ಹೇಗೆ ಗೊತ್ತೇ? ಬಿಳಿ ಅಧಿಕಾರಿಗಳನ್ನು ದಾಟಿ ನೇರ ಸುಬೇದಾರರಿಗೆ, ಸಿಪಾಯಿಗಳಿಗೆ ‘ನೀವು ತಿನ್ನುವ ಉಪ್ಪು ಸರ್ಕಾರದ್ದು’ ಎಂದು ಹೇಳಿಸಿದ. ವೆಲ್ಲೂರಿನ ಗೋಡೆಯ ರಕ್ತ ಒಣಗಿ ಮೂರು ವರ್ಷವಾಗಿತ್ತು.

ವೆಲ್ಲೂರನ್ನು ಚಿತ್ರದುರ್ಗದ ಪಕ್ಕದಲ್ಲಿಟ್ಟು ಓದಿದರೆ ಸಾಮ್ರಾಜ್ಯದ ಒಳಯಂತ್ರ ಕಾಣುತ್ತದೆ. ‘ಮೊದಲ ಸ್ವಾತಂತ್ರ್ಯ ಸಂಗ್ರಾಮ’ ಎಂಬ ಹಲಗೆ ನೇತುಹಾಕಿದ ತಕ್ಷಣ ಚಿತ್ರದುರ್ಗದವರು ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಅವರು ಸ್ವಾತಂತ್ರ್ಯಕ್ಕಾಗಿ ಸಾಯಲಿಲ್ಲ, ಕಂಪನಿಗಾಗಿಯೂ ಸಾಯಲಿಲ್ಲ, ಅವರನ್ನು ಕೊಂದವರಲ್ಲಿ ಕನ್ನಡ ಮಾತಾಡುವ ಕುದುರೆ ಸವಾರರೂ ಇದ್ದರು. ಯಾವ ಬಾವುಟದ ಅಡಿ ಅವರಿಗೆ ಜಾಗ?

‘ಇಷ್ಟೆಲ್ಲ ಸೂಕ್ಷ್ಮ ಯಾಕ್ರೀ, ಕೊನೆಗೂ ಸಿಪಾಯಿಗಳು ಎದ್ದಿದ್ದರಿಂದಲೇ ತಾನೇ ಬ್ರಿಟಿಷರು ಹೋಗಿದ್ದು?’ ಎಂದು ಸ್ನೇಹಿತರೊಬ್ಬರು ಕೇಳಿದರು. ಇದು ಈಗ ವಾಟ್ಸಾಪಿನಲ್ಲಿ ಜೋರಾಗಿ ಓಡುವ ವಾದ: ಚರಕದಿಂದ ಏನೂ ಆಗಲಿಲ್ಲ, ಕೋವಿಯಿಂದ ಆಯಿತು. ಅದಕ್ಕೆ 1946ರ ಫೆಬ್ರವರಿಯ ನೌಕಾದಳದ ದಂಗೆಯನ್ನು ಸಾಕ್ಷಿಯಾಗಿ ತರುತ್ತಾರೆ. ಬೊಂಬಾಯಿಯ ‘ತಲವಾರ್’ ನೆಲೆಯಲ್ಲಿ ಫೆಬ್ರವರಿ 18ರಂದು ಶುರುವಾಗಿದ್ದು ಕೆಟ್ಟ ಊಟದ ಮೇಲಿನ ಮುಷ್ಕರವಾಗಿ. ಎರಡು ದಿನದಲ್ಲಿ ಎಪ್ಪತ್ತಕ್ಕೂ ಹೆಚ್ಚು ಹಡಗುಗಳಿಗೆ, ಸುಮಾರು 20,000 ನಾವಿಕರಿಗೆ ಹಬ್ಬಿತು. ಬೀದಿಗಿಳಿದ ಬೊಂಬಾಯಿಯ ಕೂಲಿಕಾರರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಗುಂಡಿಗೆ ಸತ್ತರು. ಸರ್ದಾರ್ ಪಟೇಲರು ಶರಣಾಗಿ ಎಂದರು. ನಾವಿಕರು 23ರಂದು ಶರಣಾದರು. ದೊಡ್ಡ ಘಟನೆ, ಕಾಂಗ್ರೆಸ್ಸಿನ ಇತಿಹಾಸದವರು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದು ಅನ್ಯಾಯವೇ. ಆದರೆ ಭಾರತಕ್ಕೆ ಕ್ಯಾಬಿನೆಟ್ ನಿಯೋಗ ಕಳಿಸುತ್ತೇವೆ ಎಂದು ಬ್ರಿಟನ್ನಿನ ಅಟ್ಲಿ ಸರ್ಕಾರ ಪ್ರಕಟಿಸಿದ್ದು ಫೆಬ್ರವರಿ 19ರಂದು, ಮುಷ್ಕರ ಶುರುವಾದ ಮರುದಿನ. ಅಂಥ ತೀರ್ಮಾನ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಹೋಗುವ ಮಾತು ಆಗಲೇ ಎದ್ದಿತ್ತು. ಇನ್ನು ಉಳಿಯುತ್ತೇವೆ ಎನ್ನುವ ಧೈರ್ಯವನ್ನು ನಾವಿಕರು ಮುರಿದರು. ಎರಡನ್ನೂ ಒಟ್ಟಿಗೆ ಹೇಳಲು ನಮಗೇಕೆ ಇಷ್ಟು ಸಂಕಟ?

ಸಿಪಾಯಿ ದಂಗೆಗಳು ಆಳುವವರನ್ನು ಓಡಿಸಿದ್ದಕ್ಕಿಂತ ಹೆಚ್ಚಾಗಿ ಅವರಿಗೆ ಪಾಠ ಕಲಿಸಿವೆ, ಆ ಪಾಠ ಬಹಳ ಸಲ ನಮ್ಮ ವಿರುದ್ಧವೇ ಬಳಕೆಯಾಗಿದೆ. ವೆಲ್ಲೂರಿನ ಪಾಠವನ್ನು ಕಂಪನಿ ಐವತ್ತು ವರ್ಷದಲ್ಲಿ ಮರೆತು ಬಂದೂಕಿನ ತೋಟಾಗೆ ಕೊಬ್ಬು ಸವರಿತು. ಮತ್ತೆ ಅದೇ ಹಸು, ಅದೇ ಹಂದಿ. 1857 ಮುಗಿದ ಮೇಲೆ ಕಂಪನಿಯೇ ಹೋಯಿತು, 1858ರಲ್ಲಿ ರಾಣಿಯ ಆಳ್ವಿಕೆ ಬಂತು. ರಾಣಿಯ ಘೋಷಣೆ ನಿಮ್ಮ ಧರ್ಮದ ತಂಟೆಗೆ ಬರುವುದಿಲ್ಲ ಎಂದಿತು. ಕೇಳಲು ವೆಲ್ಲೂರಿನವರು ಗೆದ್ದ ಹಾಗೆಯೇ ಇದೆ. ಆದರೆ ಅದೇ ಹೊತ್ತಿನಲ್ಲಿ ಸೈನ್ಯವನ್ನು ಬಿಚ್ಚಿ ಹೊಸದಾಗಿ ಹೊಲಿದರು: ಇಂತಿಷ್ಟು ದೇಶೀಯರಿಗೆ ಇಂತಿಷ್ಟು ಬಿಳಿಯರು ಇರಲೇಬೇಕು, ತೋಪುಗಳು ಬಿಳಿಯರ ಕೈಯಲ್ಲೇ ಇರಬೇಕು, ಒಂದು ಜಾತಿಯ ಪಡೆ ಇನ್ನೊಂದು ಜಾತಿಯ ಪಡೆಯ ಮೇಲೆ ಕಣ್ಣಿಡಬೇಕು. ಬರಬರುತ್ತ ‘ವೀರ ಜನಾಂಗ’ಗಳ ಪಟ್ಟಿ ಬಂತು, ಕಂಪನಿಗೆ ಶ್ರೀರಂಗಪಟ್ಟಣ ಗೆದ್ದುಕೊಟ್ಟ ದಕ್ಷಿಣದವರು ಆ ಪಟ್ಟಿಯಲ್ಲಿ ಅಡಿಗೆ ಹೋದರು. 1806ರಲ್ಲಿ ಹಿಂದೂ ಮುಸಲ್ಮಾನ ಇಬ್ಬರಿಗೂ ಸಮಸಮ 900 ಏಟು ಹೊಡೆಸಿದ ಮೂರ್ಖತನ ಮತ್ತೆ ಆಗಲಿಲ್ಲ. ಒಟ್ಟಿಗೆ ಹೊಡೆದರೆ ಒಟ್ಟಿಗೆ ಏಳುತ್ತಾರೆ ಎಂದು ಅವರಿಗೆ ತಿಳಿದಿತ್ತು.

ಸಂಜೆ ರಿಪೋರ್ಟು ತೆಗೆದುಕೊಳ್ಳುವ ಮುಂಚೆ ಕೋಟೆಯ ಬಳಿಯ ಹಳೆಯ ಗೋರಿಗಳನ್ನೂ ನೋಡಿದೆ. 69ನೇ ರೆಜಿಮೆಂಟಿನ ಸತ್ತವರಿಗೆ ಅಲ್ಲಿ ಸಮಾಧಿ ಇದೆ. ಫ್ಯಾನ್‌ಕೋರ್ಟ್‌ನ ಹೆಂಡತಿ ಆ ರಾತ್ರಿಯ ಬಗ್ಗೆ ಬರೆದಿಟ್ಟ ಬರಹ ಉಳಿದಿದೆ. ಬ್ಲಾಕಿಸ್ಟನ್‌ನ ನೆನಪುಗಳು ಪುಸ್ತಕವಾಗಿವೆ. ಸಿಪಾಯಿಗಳ ಕಡೆಯಿಂದ ಉಳಿದಿರುವುದು ಅವರನ್ನು ನೇಣಿಗೆ ಹಾಕಿದವರು ಬರೆದುಕೊಂಡ ಹೇಳಿಕೆಗಳು. ಜಮಾದಾರ ಶೇಖ್ ಕಾಸಿಂನಂಥ ಒಂದೆರಡು ಹೆಸರು ಆ ಕಡತಗಳಲ್ಲಿ ಇಣುಕುತ್ತವೆ. ಗೋಡೆಗೆ ನಿಲ್ಲಿಸಿದ ಆ ನೂರು ಜನ ಯಾವ ಊರಿನವರು, ಯಾರಿಗೆ ಮದುವೆಯಾಗಿತ್ತು, ಯಾರು ಶ್ರೀರಂಗಪಟ್ಟಣ ಕಂಡವರು ಎಂದು ಕಂಬ ಹೇಳುವುದಿಲ್ಲ. ಪಠ್ಯಪುಸ್ತಕ ಸಮಿತಿಯಲ್ಲಿ ಕೂತು ಯಾವ ಇಸವಿಗೆ ಯಾವ ಬಿರುದು ಎಂದು ಹರಾಜು ಕೂಗುವ ವಿದ್ವಾಂಸರು ಒಮ್ಮೆ ಚೆನ್ನೈನ ಪತ್ರಾಗಾರಕ್ಕೆ ಹೋಗಿ ಆ ಹೇಳಿಕೆಗಳನ್ನು ಕನ್ನಡಕ್ಕೆ ತರಲಿ. ಜೊತೆಗೆ ಚಿತ್ರದುರ್ಗದ ಎರಡು ದಳಗಳ ಕಡತವನ್ನೂ ತೆಗೆಸಲಿ. ಅದಕ್ಕೆ ಯಾವ ರಾಜ್ಯವೂ ಪೈಪೋಟಿಗೆ ಬರುವುದಿಲ್ಲ.

ಚಿಕ್ಕಪ್ಪನ ರಿಪೋರ್ಟಿನಲ್ಲಿ ಗಾಬರಿಪಡುವಂಥದ್ದು ಏನೂ ಇರಲಿಲ್ಲ. ರಾತ್ರಿ ಬೆಂಗಳೂರಿನ ಬಸ್ಸು ಹತ್ತುವಾಗ ಕಂಬದ ಸುತ್ತ ಹಣ್ಣಿನ ಗಾಡಿಗಳ ದೀಪ ಹತ್ತಿತ್ತು. ‘ಅದೇನು ಕಂಬ ಅದು?’ ಎಂದರು ಚಿಕ್ಕಪ್ಪ. ‘ಟೋಪಿ ಹಾಕಿಕೊಳ್ಳಲ್ಲ ಅಂದವರದು’ ಎಂದೆ. ಅವರು ತಮ್ಮ ಮಂಕಿ ಕ್ಯಾಪನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕಿಟಕಿ ಹಾಕು ಎಂದರು.